ಅಂಗುಳಿಗೆ ಪ್ಯಾಚ್ ಹಾಕಲು ಹೊರಟ ನಮ್ಮ ಭಾವ

ಬಾಯಲ್ಲಿ ಹುಣ್ಣಾದರೆ ನಾವೇನು ಮಾಡ್ತೀವಿ ಹೇಳಿ? ಕನ್ನಡಿ ಮುಂದೆ ನಿಂತು ತುಟಿ ಎಳೆದು ನೋಡ್ತೀವಿ. "ಉಷ್ಣ ಆಗಿರಬೇಕು" ಅಂತೀವಿ. ಉಪ್ಪುನೀರು ಮುಕ್ಕಳಿಸಿ, ನಮಗೆ ನಾವೇ ಡಾಕ್ಟರಾಗಿ, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಡ್ತೀವಿ. ನಮ್ಮಕ್ಕ ಮಾಡಿದ್ದೂ ಅದನ್ನೇ.

ನಮ್ಮಕ್ಕ ಯಾರು ಅಂತ ಮೊದಲು ಹೇಳಿಬಿಡ್ತೀನಿ. ನಮ್ಮೂರ ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ" ಅಂತ ಮೈಕಿನಲ್ಲಿ ಹೇಳುತ್ತಿದ್ದವಳು ಅವಳೇ. ಗಾಜಿನ ಕಿಟಕಿ ಇರೋ ಪುಟ್ಟ ಕೋಣೆ, ಬಗ್ಗಿದ ಕತ್ತಿನ ಮೈಕು, ಪಕ್ಕದಲ್ಲಿ ಕೆಂಪು ಗುಂಡಿ, ನಾನೇ ಹೊಲಿದುಕೊಟ್ಟ ದಿಂಬು ಹಾಕಿದ ಕುರ್ಚಿ. ಆ ಕುರ್ಚಿ ಮೇಲೆ ಕೂತು ಅವಳು ಒಂದು ಮಾತು ಹೇಳಿದರೆ ಇಡೀ ನಿಲ್ದಾಣ ಕತ್ತೆತ್ತುತ್ತಿತ್ತು. ನಿಲ್ದಾಣದ ಗೋಡೆಗೆ ಅಂಟಿಕೊಂಡಂತೆ ನನ್ನ ಟೈಲರಿಂಗ್ ಅಂಗಡಿ ಇದೆ. ನನ್ನ ಪಕ್ಕದಲ್ಲೇ ಅವಳ ಗಂಡನ, ಅಂದರೆ ನಮ್ಮ ಭಾವನ ಪಂಚರ್ ಅಂಗಡಿ. ಮಧ್ಯಾಹ್ನ ಆದರೆ ಭಾವ ಕೈ ತೊಳೆದು, ಊಟದ ಡಬ್ಬಿ ಹಿಡಿದು ಮೈಕಿನ ಕೋಣೆಗೆ ಹೋಗೋರು. ಗಂಡ ಹೆಂಡತಿ ಒಂದೇ ಡಬ್ಬಿಯಲ್ಲಿ ಊಟ ಮಾಡೋರು. ನಡುವೆ ಬಸ್ ಬಂದರೆ ಅಕ್ಕ ತುತ್ತು ನುಂಗಿ, ಗುಂಡಿ ಒತ್ತಿ, ಹೇಳಿ, ಮತ್ತೆ ತುತ್ತಿಗೆ ಕೈ ಹಾಕೋಳು. ನೋಡೋಕೇ ಒಂದು ಚೆಂದ.

ಅಂಥವಳ ಅಂಗುಳಿನಲ್ಲಿ ಹುಣ್ಣಾಯಿತು. ಎಷ್ಟು ದಿನ ಆದರೂ ಮಾಯಲಿಲ್ಲ. ಮೇಲಿನ ಹಲ್ಲು ಒಂದೊಂದಾಗಿ ಅಲ್ಲಾಡತೊಡಗಿದವು. "ವಯಸ್ಸಾಯ್ತು ಕಣೇ" ಅಂದಳು. ನಲವತ್ತೈದಕ್ಕೆ ಯಾವ ಸೀಮೆ ವಯಸ್ಸು! ಕೊನೆಗೆ ನಾನೇ ದರದರ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಅಷ್ಟೊತ್ತಿಗೆ ಒಳಗೆ ಗಡ್ಡೆ ಬೆಳೆದಿತ್ತು. ತಂಬಾಕು, ಗುಟ್ಕಾ ಅಂತ ಒಂದು ದಿನ ಬಾಯಿಗೆ ಹಾಕಿದವಳಲ್ಲ. ಡಾಕ್ಟರು ಹೇಳಿದರು: "ಅದನ್ನು ತಿನ್ನೋರಿಗೆ ಅಪಾಯ ಜಾಸ್ತಿ, ನಿಜ. ಹಾಗಂತ ತಿನ್ನದೇ ಇರೋರಿಗೆ ಬರಲ್ಲ ಅಂತ ಏನಿಲ್ಲ."

ಆಪರೇಷನ್ ಮಾಡಬೇಕು ಅಂದರು. ಅದಕ್ಕೆ ಮೊದಲೇ ದಂತ ಕಾಲೇಜಿಗೆ ಹೋಗಿ ಬಾಯಿಯ ಅಳತೆ ಕೊಟ್ಟು ಬನ್ನಿ, ತೆಗೆದ ಜಾಗಕ್ಕೆ ಅಲ್ಲೇ ಆಪರೇಷನ್ ಟೇಬಲ್ ಮೇಲೇ ಒಂದು ತಾತ್ಕಾಲಿಕ ಮುಚ್ಚಳ ಕೂರಿಸಬಹುದು ಅಂತಲೂ ಹೇಳಿದರು. ನಮ್ಮ ಭಾವ ಕೇಳಬೇಕಲ್ಲ! "ಮೊದಲು ಜೀವ ಉಳೀಲಿ ಸ್ವಾಮಿ, ಮುಚ್ಚಳ ಗಿಚ್ಚಳ ಆಮೇಲೆ ನೋಡೋಣ" ಅಂದುಬಿಟ್ಟರು. ಹೆದರಿಕೆಯಲ್ಲಿ ಅಂದ ಮಾತು, ಬಯ್ಯೋಕೂ ಮನಸ್ಸು ಬರಲಿಲ್ಲ.

ಜೀವ ಉಳಿಯಿತು. ಆದರೆ ಮೇಲ್ದವಡೆಯ ಒಂದು ಭಾಗ ಹೋಯಿತು. ಅದರ ಜೊತೆ ಆ ಕಡೆಯ ಹಲ್ಲುಗಳೂ ಹೋದವು. ಅಂಗುಳಿನಲ್ಲಿ ಒಂದು ತೂತು ಉಳಿಯಿತು, ಬಾಯಿಂದ ನೇರ ಮೂಗಿಗೆ ದಾರಿ. ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತಿತ್ತು. ಮಾತಾಡಿದರೆ ಗಾಳಿಯೆಲ್ಲ ಮೂಗಿನಲ್ಲೇ ಹೊರಟುಹೋಗಿ ಮಾತು ಮಾತಾಗುತ್ತಿರಲಿಲ್ಲ. "ಅಪ್ಪ" ಅಂದರೆ "ಅಮ್ಮ" ಅಂತ ಕೇಳುತ್ತಿತ್ತು. ನೂರಾರು ಬಸ್ಸುಗಳಿಗೆ ದಾರಿ ಹೇಳಿದವಳು ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ಕೇಳೋಕೂ ಆಗದೆ ವಾಪಸ್ ಬಂದಳು. ಅವತ್ತಿಂದ ಕರವಸ್ತ್ರ ಬಾಯಿಗೆ ಅಡ್ಡ ಬಂತು. ಊಟ ಬಾಗಿಲು ಹಾಕಿಕೊಂಡು ಒಬ್ಬಳೇ. ಗಂಡನ ಮುಂದೆ ಕೂಡ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಭಾವ ಡಬ್ಬಿ ಹಿಡಿದು ನನ್ನ ಅಂಗಡಿಗೆ ಬರೋರು, ಅರ್ಧ ತಿಂದು ಮುಚ್ಚಿಡೋರು.

ಒಂದು ದಿನ ನಿಲ್ದಾಣದ ಸಾಹೇಬರು ಮನೆಗೆ ಬಂದರು. ಒಳ್ಳೆಯವರೇ ಪಾಪ, ಮುಖ ಎತ್ತಿ ನೋಡೋಕೂ ಸಂಕೋಚ ಅವರಿಗೆ. "ರಜೆ ಮುಗೀತಾ ಬಂತಮ್ಮ. ಅಷ್ಟರೊಳಗೆ ಮಾತು ಸರಿಯಾದರೆ ಕುರ್ಚಿ ನಿಮ್ಮದೇ. ಇಲ್ಲಾಂದ್ರೆ ಮೇಲಿನವರು ರೆಕಾರ್ಡ್ ಮಾಡಿದ ಮಷೀನು ಹಾಕ್ತಾರೆ. ನಿಮಗೆ ಸಾಮಾನಿನ ಕೋಣೆ ಕೊಡ್ತೀನಿ" ಅಂದರು. ಸಾಮಾನಿನ ಕೋಣೆ ಅಂದರೆ ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಛತ್ರಿ, ಚೀಲ, ಒಂಟಿ ಚಪ್ಪಲಿ ಇಡೋ ಜಾಗ. ಅಕ್ಕ ಗೋಡೆ ಕಡೆ ತಿರುಗಿ ಕೂತಳು. ಬಿಟ್ಟುಹೋದ ಸಾಮಾನಿನ ಜೊತೆ ತಾನೂ ಒಂದು ಸಾಮಾನು ಅಂತ ಅವಳಿಗೆ ಅನಿಸಿತ್ತು. ಆಮೇಲೆ ಅವಳೇ ನನಗೆ ಹೇಳಿದಳು.

ಆಗ ನಮ್ಮ ಭಾವ ಎದ್ದುನಿಂತರು. "ತೂತು ತಾನೇ? ತೂತು ಮುಚ್ಚೋದು ನನ್ನ ಕಸುಬು. ನಾನು ನೋಡ್ಕೋತೀನಿ ಬಿಡು" ಅಂದರು.

ಹೇಳ್ತೀನಿ ಕೇಳಿ ಆ ಮಹಾನುಭಾವರ ಕೆಲಸ. ಒಳ್ಳೇ ಟ್ಯೂಬಿನ ರಬ್ಬರ್ ಆರಿಸಿದರು. ಬಿಸಿನೀರಲ್ಲಿ ಕುದಿಸಿದರು, ಶುದ್ಧವಾಗಲಿ ಅಂತ! ಎರಡು ಬಿಲ್ಲೆ ಕತ್ತರಿಸಿದರು. ನಡುವೆ ಒಂದು ತುಂಡು ಇಟ್ಟು, ಪಂಚರ್ ಸಲ್ಯೂಷನ್ ಹಚ್ಚಿ ಅಂಟಿಸಿದರು. ಶರ್ಟಿನ ಗುಂಡಿ ತೂತಿಗೆ ಸಿಕ್ಕಿಕೊಳ್ಳೋ ಹಾಗೆ ಒಂದು ಬಿಲ್ಲೆ ಮೇಲೆ, ಒಂದು ಕೆಳಗೆ. ಅಕ್ಕ ಮೊದಲು ಬೇಡ ಅಂದಳು. ಆದರೆ ಆ ಕುರ್ಚಿ ಆಸೆ ಇತ್ತಲ್ಲ, ಬಾಯಿ ತೆರೆದಳು.

ಕೂತಿತು ನೋಡಿ! ಒಂದು ಲೋಟ ನೀರು ಕುಡಿದಳು. ಮೂಗಿನಲ್ಲಿ ಒಂದು ಹನಿ ಬರಲಿಲ್ಲ. ಭಾವನ ಎದೆ ಲಾರಿ ಟಯರಿನಷ್ಟು ಉಬ್ಬಿತು. "ಏನಮ್ಮಾ ಟೈಲರಮ್ಮ, ನಿನ್ನ ಡಾಕ್ಟರು ಮಾಡ್ತಿದ್ರಾ ಇದನ್ನ?" ಅಂತ ನನ್ನ ಕಡೆ ಹುಬ್ಬು ಹಾರಿಸಿದರು. ಅಕ್ಕ ಎಷ್ಟೋ ತಿಂಗಳಾದ ಮೇಲೆ ನಮ್ಮ ಜೊತೆ ಊಟಕ್ಕೆ ಕೂತಳು. ನನಗೂ ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ.

ಮೂರನೇ ತುತ್ತಿಗೆ ಅಂಟು ಬಿಟ್ಟಿತು. ಕೆಳಗಿನ ಬಿಲ್ಲೆ ಕಳಚಿ ಸೀದಾ ಗಂಟಲಿಗೆ ಜಾರಿತು. ಅಕ್ಕನಿಗೆ ಉಸಿರು ಸಿಕ್ಕಿಕೊಂಡಿತು. ಕಣ್ಣು ಮೇಲಾದವು, ಕೈ ಗಾಳಿಯಲ್ಲಿ ಆಡಿದವು. ಅವಳನ್ನು ಮುಂದಕ್ಕೆ ಬಗ್ಗಿಸಿ, ಎರಡು ಭುಜದ ನಡುವೆ ಅಂಗೈಯಿಂದ ಗುದ್ದಿದೆ, ಗುದ್ದಿದೆ, ಗುದ್ದಿದೆ. ಕೊನೆಗೆ ರಬ್ಬರು ತಟ್ಟೆಗೆ ಬಿತ್ತು. ಭಾವ ಗೋಡೆ ಹಿಡಿದುಕೊಂಡು ನಿಂತಿದ್ದರು, ಮುಖದಲ್ಲಿ ರಕ್ತ ಇರಲಿಲ್ಲ.

ಇಷ್ಟಾದ ಮೇಲೆ ಯಾರಿಗಾದರೂ ಬುದ್ಧಿ ಬರಬೇಕು ತಾನೇ? ಮಾರನೇ ದಿನ ಭಾವ ಒಂದು ತುಂಡು ದಪ್ಪ ರಬ್ಬರ್ ಹಿಡಿದು ನನ್ನ ಅಂಗಡಿಗೆ ಬಂದರು. "ಸ್ವಲ್ಪ ಆ ಕತ್ತರಿ ಕೊಡು. ಈ ಸಲ ಅಂಟೇ ಬೇಡ, ಒಂದೇ ತುಂಡಲ್ಲಿ ಕೆತ್ತಿಬಿಡ್ತೀನಿ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಭಾವ, ನನ್ನ ಬಟ್ಟೆ ಕತ್ತರಿನ ರಬ್ಬರಿಗೆ ಮುಟ್ಟಿಸಿದ್ರೆ ಚೆನ್ನಾಗಿರಲ್ಲ. ಅದಕ್ಕಿಂತ ಹೆಚ್ಚು, ನಮ್ಮಕ್ಕನ ಬಾಯಿಗೆ ಮುಟ್ಟಿಸಿದ್ರೆ ಚೆನ್ನಾಗಿರಲ್ಲ" ಅಂದೆ.

ಅಂಗಡಿಯಲ್ಲಿ ಇನ್ನೊಬ್ಬರು ಕೂತಿದ್ದರು. ನಾನು ಅವರಿಗೆ ಇಟ್ಟ ಹೆಸರು ಕೋಟು ಡಾಕ್ಟರು. ದಂತ ಕಾಲೇಜಿನಲ್ಲಿ ಕೆಲಸ. ತಿಂಗಳಿಗೊಂದು ಸಲ ಬಿಳಿ ಕೋಟಿನ ಜೇಬು ಹರಿದುಕೊಂಡು ಬರೋರು. ಅವತ್ತೂ ಅದಕ್ಕೇ ಬಂದಿದ್ದರು. "ಜೇಬಲ್ಲಿ ಏನಿಟ್ಕೋತೀರ ಡಾಕ್ಟ್ರೇ, ಕಬ್ಬಿಣಾನಾ?" ಅಂತ ಒಮ್ಮೆ ಕೇಳಿದ್ದೆ. "ಹಲ್ಲು" ಅಂದು ಒಂದು ಹಿಡಿ ಕೃತಕ ಹಲ್ಲು ತೆಗೆದು ನನ್ನ ಮೇಜಿನ ಮೇಲೆ ಸುರಿದಿದ್ದರು. ನಾನು ಕಿಟಾರನೆ ಕಿರುಚಿದ್ದೆ. ಹಲ್ಲು, ದವಡೆ ಕಳಕೊಂಡವರಿಗೆ ಹಾಕೋ ವಸ್ತು ಯಾವುದಿರಬೇಕು, ಎಷ್ಟು ಗಟ್ಟಿ ಇರಬೇಕು ಅಂತ ಪರೀಕ್ಷೆ ಮಾಡೋದೇ ಅವರ ಕೆಲಸವಂತೆ.

ನಮ್ಮ ಜಗಳ ಕೇಳಿ ಅವರು ರಬ್ಬರ್ ತುಂಡನ್ನು ಕೈಗೆ ತಗೊಂಡರು. "ಅಣ್ಣಾ, ಇಂಥದ್ದನ್ನ ಬಾಯಲ್ಲಿ ಇಟ್ಟಿದ್ರಾ?"

"ಇಟ್ಟಿದ್ದೆ. ನೋಡಿ ಡಾಕ್ಟರಮ್ಮ, ನನ್ನ ಪ್ಯಾಚು ಲಾರಿ ಭಾರ ತಡೆಯುತ್ತೆ. ಇಷ್ಟಗಲ ಬಾಯಿ ಏನು ಮಹಾ?"

"ಲಾರಿ ಚಕ್ರ ಬಿಸಿ ಬಿಸಿ ಟೀ ಕುಡಿಯುತ್ತಾ?"

"ಇಲ್ಲ."

"ಟೀ ಕುಡಿದ ತಕ್ಷಣ ತಣ್ಣೀರು ಕುಡಿಯುತ್ತಾ?"

"ಅದು ಹೇಗೆ ಕುಡಿಯುತ್ತೆ?"

"ಹಗಲೂ ರಾತ್ರಿ ಉಗುಳಲ್ಲಿ ನೆನೆಯುತ್ತಾ? ಉಪ್ಪು, ಹುಳಿ, ಖಾರ ತಿನ್ನುತ್ತಾ? ಪ್ಯಾಚು ಚುಚ್ಚಿದ್ರೆ ಚಕ್ರಕ್ಕೆ ಹುಣ್ಣಾಗುತ್ತಾ?"

ಭಾವ ಬೆಪ್ಪಾಗಿ ನನ್ನ ಮುಖ ನೋಡಿದರು. ನನಗೆ ನಗು ತಡೆಯೋಕೆ ಆಗಲಿಲ್ಲ.

"ಬಾಯಿ ಅಂದ್ರೆ ಚಕ್ರಕ್ಕಿಂತ ಕಷ್ಟದ ಜಾಗ ಅಣ್ಣಾ" ಅಂದರು ಡಾಕ್ಟರು. "ಅದರೊಳಗೆ ಇರೋ ವಸ್ತು ನೀರು ಹೀರಬಾರದು, ನಾರಬಾರದು, ಬಣ್ಣ ಬಿಡಬಾರದು. ಮಾಂಸಕ್ಕೆ ತಾಗಿಕೊಂಡೇ ಇದ್ದರೂ ಉರಿ ಮಾಡಬಾರದು. ನಿಮ್ಮ ಸಲ್ಯೂಷನ್‌ನಲ್ಲಿರೋ ರಾಸಾಯನಿಕ ಚರ್ಮ ಸುಡುತ್ತೆ. ಅವರನ್ನ ಕರೆಸ್ತೀರಾ? ನಾನೊಂದು ಸಲ ನೋಡ್ತೀನಿ."

ಅಕ್ಕ ಬಂದಳು. ಕರವಸ್ತ್ರ ಬಿಡಿಸೋಕೆ ಸಾಕುಬೇಕಾಯಿತು. ಡಾಕ್ಟರು ಕೈ ತೊಳೆದು, ನನ್ನ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಟಾರ್ಚು ಬಿಟ್ಟು ನೋಡಿದರು. ರಬ್ಬರ್ ಉಜ್ಜಿ ಅಂಗುಳು ಕೆಂಪಗೆ ಹಸಿಯಾಗಿತ್ತು. "ಪುಣ್ಯ, ದೊಡ್ಡ ಗಾಯ ಆಗಿಲ್ಲ. ಆದ್ರೂ ನಾಳೆನೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಮೇಲಿನ ತುಂಡು ಮೂಗಿನೊಳಗೆ ಉಳಿದಿದ್ಯಾ ಅಂತ ಅವರು ನೋಡ್ಲಿ."

ಆಗ ಅಕ್ಕ ಬಾಯಿ ಬಿಟ್ಟಳು. "ನನ್ನ ಮಾನು ಮರುನ್ನಾ?" ಅಂದಳು.

ನನಗೇ ಅರ್ಥ ಆಗಲಿಲ್ಲ. ಭಾವನಿಗೂ ಆಗಲಿಲ್ಲ. ಡಾಕ್ಟರು ಮಾತ್ರ ಒಂದೇ ಸಲಕ್ಕೆ, "ಮಾತು ಬರುತ್ತಾ ಅಂತ ಕೇಳ್ತಿದ್ದೀರಾ? ಬರುತ್ತೆ ಅಕ್ಕಾ. ನಿಮ್ಮ ಗಂಟಲು ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ. ಗಾಳಿ ಮಾತ್ರ ಬೇರೆ ದಾರೀಲಿ ಓಡಿಹೋಗ್ತಿದೆ. ಆ ದಾರಿ ಸರಿಯಾಗಿ ಮುಚ್ಚಿದ್ರೆ ಮಾತು ತಾನಾಗಿ ಬಾಯಿಗೆ ಬರುತ್ತೆ" ಅಂದರು. ಅಕ್ಕನ ಕಣ್ಣಲ್ಲಿ ದಳದಳ ನೀರು ಬಂತು. ಇಷ್ಟು ದಿನದಲ್ಲಿ ಹೊರಗಿನವರೊಬ್ಬರಿಗೆ ಅವಳ ಮಾತು ಅರ್ಥವಾಗಿದ್ದು ಅದೇ ಮೊದಲು.

ಆಪರೇಷನ್ ಡಾಕ್ಟರು ನೋಡಿದರು. ತುಂಡು ಯಾವುದೂ ಉಳಿದಿರಲಿಲ್ಲ, ಅವತ್ತು ಕೆಮ್ಮಿನ ಜೊತೆಗೇ ಹೊರಗೆ ಬಂದಿರಬೇಕು ಅಂದರು. ಗಡ್ಡೆ ಮತ್ತೆ ಬಂದಿಲ್ಲ, ಗಾಯ ಒಳಗೆ ಚೆನ್ನಾಗಿ ಮಾಗಿದೆ, ಧಾರಾಳವಾಗಿ ದಂತ ಕಾಲೇಜಿಗೆ ಹೋಗಿ ಅಂದರು.

ಕಾಲೇಜಿಗೆ ಭಾವನೂ ಬಂದರು, ಅನುಮಾನದ ಮೂಟೆ ಹೊತ್ತುಕೊಂಡೇ. "ಅವರ ಪ್ಲಾಸ್ಟಿಕ್ಕು ನನ್ನ ರಬ್ಬರಿಗಿಂತ ಏನು ಮೇಲು ನೋಡ್ತೀನಿ" ಅಂತ ದಾರಿಯುದ್ದಕ್ಕೂ ಗೊಣಗಾಟ.

ಡಾಕ್ಟರು ನಮ್ಮನ್ನು ಮೊದಲು ಅವರ ಪರೀಕ್ಷೆ ಕೋಣೆಗೆ ಕರೆದುಕೊಂಡು ಹೋದರು. ಅಲ್ಲೊಂದು ಮಷೀನು ಕಟ್, ಕಟ್, ಕಟ್ ಅಂತ ಒಂದೇ ಸಮನೆ ಹಲ್ಲು ಕಡಿಯುತ್ತಿತ್ತು. ಕೃತಕ ಹಲ್ಲಿನ ಮೇಲೆ ಲೋಹದ ತುದಿ ಬೀಳೋದು, ಏಳೋದು. "ಒಬ್ಬ ಮನುಷ್ಯ ವರ್ಷಗಟ್ಟಲೆ ಅಗಿಯೋದನ್ನ ಇದು ಕೆಲವೇ ದಿನದಲ್ಲಿ ಅಗಿದು ತೋರಿಸುತ್ತೆ" ಅಂದರು. ಇನ್ನೊಂದು ಕಡೆ ಚೂರುಗಳು ಬಿಸಿನೀರಿನ ತೊಟ್ಟಿಯಿಂದ ತಣ್ಣೀರಿನ ತೊಟ್ಟಿಗೆ, ಅಲ್ಲಿಂದ ಮತ್ತೆ ಬಿಸಿಗೆ ಮುಳುಗಿ ಏಳುತ್ತಿದ್ದವು. ಮತ್ತೊಂದು ಕಪಾಟಿನಲ್ಲಿ ಬಾಟಲಿ ತುಂಬ ಟೀ ಡಿಕಾಕ್ಷನ್, ಅದರೊಳಗೆ ಹಲ್ಲು ನೆನೆಹಾಕಿದ್ದರು, ಎಷ್ಟು ಕರೆ ಹಿಡಿಯುತ್ತೆ ಅಂತ ನೋಡೋಕೆ. ಒಂದು ಡಬ್ಬಿ ತುಂಬ ಬರೀ ಮುರಿದ ಚೂರುಗಳು.

"ಇದೆಲ್ಲ ಏನು, ಕೆಟ್ಟುಹೋಗಿದ್ದಾ?" ಕೇಳಿದರು ಭಾವ.

"ನಾವೇ ಮುರಿದಿದ್ದು ಅಣ್ಣಾ. ಇಲ್ಲಿ ಮುರಿದ್ರೆ ಪರವಾಗಿಲ್ಲ. ಜನರ ಬಾಯಲ್ಲಿ ಮುರೀಬಾರದು."

ಭಾವ ಆ ಡಬ್ಬಿ ಮುಂದೆ ನಿಂತವರು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂದು ಚೂರು ಎತ್ತಿ, ಬೆಳಕಿಗೆ ಹಿಡಿದು, ಬಿರುಕು ಎಲ್ಲಿಂದ ಶುರುವಾಗಿದೆ ಅಂತ ನೋಡಿದರು. ಟಯರ್ ನೋಡೋ ಹಾಗೇ ನೋಡಿದರು.

"ಹಲ್ಲು ಹೋದವರಿಗೆಲ್ಲ ಇಂಥದ್ದೇ ಮುಚ್ಚಳಾನಾ?" ನಾನು ಕೇಳಿದೆ.

"ಇಲ್ಲಕ್ಕಾ. ಒಬ್ಬೊಬ್ಬರಿಗೆ ಒಂದೊಂದು ದಾರಿ. ಕೆಲವರಿಗೆ ದವಡೆ ಮೂಳೆಗೇ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟಬಹುದು. ಕೆಲವರಿಗೆ ಕಾಲಿನ ಮೂಳೆ ತುಂಡು ತಂದು ದವಡೆ ಕಟ್ಟೋದೂ ಉಂಟು."

"ಕಾಲಿನ ಮೂಳೆ ಬಾಯಿಗಾ!" ಭಾವ ಹಣೆ ಬಡಿದುಕೊಂಡರು. "ಬೇಡ ತಾಯೀ. ಇವಳು ಮೊದಲೇ ಮಾತಲ್ಲಿ ಚುಚ್ಚೋಳು. ಇನ್ನು ಮಾತಲ್ಲೇ ಒದೆಯೋಕೂ ಶುರು ಮಾಡ್ತಾಳೆ!"

ಅಕ್ಕ ಕರವಸ್ತ್ರದ ಹಿಂದೆ ಕಿಲಕಿಲ ನಕ್ಕಳು. ಆ ನಗು ಕೇಳಿ ಎಷ್ಟು ಕಾಲ ಆಗಿತ್ತು!

ಅಕ್ಕನಿಗೆ ಮುಚ್ಚಳವೇ ಸರಿ ಅಂತ ತೀರ್ಮಾನವಾಯಿತು. ಉಳಿದ ಹಲ್ಲುಗಳನ್ನು ಮೊದಲು ಸ್ವಚ್ಛ ಮಾಡಿ, ಹುಳುಕು ತುಂಬಿದರು. ಮುಚ್ಚಳಕ್ಕೆ ಆ ಹಲ್ಲುಗಳೇ ಆಸರೆ, ಅವು ಗಟ್ಟಿಯಾಗಿರಬೇಕು. ಆಮೇಲೆ ತೂತಿನ ಮೇಲ್ಗಡೆ ಎಣ್ಣೆ ಸವರಿದ ಬಟ್ಟೆ ಇಟ್ಟು, ಮೆತ್ತನೆ ಹಿಟ್ಟಿನಂಥದ್ದನ್ನು ಬಾಯಿಗೆ ಒತ್ತಿ ಅಚ್ಚು ತೆಗೆದರು. ಅಚ್ಚಿನಿಂದ ಪ್ಲಾಸ್ಟರಿನ ಅಂಗುಳು, ಅದರ ಮೇಲೆ ಮೇಣ, ಮೇಣದ ಮೇಲೆ ಹಲ್ಲಿನ ಸಾಲು. ಅಕ್ಕನ ಉಳಿದ ಹಲ್ಲಿನ ಬಣ್ಣಕ್ಕೆ ಹೊಂದೋ ಹಲ್ಲನ್ನೇ ಆರಿಸಿದರು. ನಾನು ಬಟ್ಟೆಗೆ ದಾರ ಹೊಂದಿಸೋಳು, ನನಗೇ ವ್ಯತ್ಯಾಸ ಕಾಣಲಿಲ್ಲ. ಮೇಣದ್ದನ್ನು ಬಾಯಿಗೆ ಇಟ್ಟು ನೋಡಿ, ಅಲ್ಲಿ ಇಲ್ಲಿ ಕೆರೆದು, ಕೊನೆಗೆ ಮೇಣದ ಜಾಗದಲ್ಲಿ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ತುಂಬಿ, ಬೇಯಿಸಿ ಗಟ್ಟಿ ಮಾಡಿದರು. ತೂತಿನೊಳಗೆ ಕೂರೋ ಭಾಗ ಒಳಗೆ ಟೊಳ್ಳು. ಭಾರ ಇದ್ದರೆ ಜೋತುಬೀಳುತ್ತೆ, ಅದಕ್ಕೇ ಟೊಳ್ಳು.

ಮುಚ್ಚಳ ಹಾಕೋ ದಿನ ಬಂತು. ಅದು ರಜೆಯ ಕೊನೇ ದಿನ. ಮಾರನೇ ಬೆಳಗ್ಗೆ ಅಕ್ಕ ಸಾಹೇಬರ ಮುಂದೆ ನಿಂತು ಮಾತಾಡಿ ತೋರಿಸಬೇಕಿತ್ತು. ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹಿರಿಯರು, ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡಿರೋರು, ಮುಚ್ಚಳವನ್ನು ತಂದರು. ನಮ್ಮ ಕೈಗೆ ಕೊಡಲಿಲ್ಲ. ಒಂದು ಬೋಗುಣಿ ನೀರು ಇಟ್ಟು ಅದರೊಳಗೆ ಮುಳುಗಿಸಿ ಹಿಡಿದರು.

ಭಾವನ ಕಿವಿ ನಿಮಿರಿತು. "ಏನು ಮಾಡ್ತಿದ್ದೀರಿ ಸ್ವಾಮಿ?"

"ಟೊಳ್ಳಿನ ಜಾಯಿಂಟು ಸೋರುತ್ತಾ ನೋಡ್ತಿದ್ದೀನಿ."

"ಗುಳ್ಳೆ ನೋಡ್ತೀರಾ!" ಭಾವ ಕೂಗಿಯೇಬಿಟ್ಟರು. "ಅಯ್ಯೋ, ಇದು ನಮ್ಮ ಕೆಲಸ ಕಣ್ರೀ! ನಾವೂ ಟ್ಯೂಬನ್ನ ಹೀಗೇ ಮುಳುಗಿಸೋದು!"

ಎಲ್ಲರೂ ಬೋಗುಣಿ ಸುತ್ತ ಬಗ್ಗಿದೆವು. ನೀರು ಅಲ್ಲಾಡೋದು ನಿಂತಿತು. ಜಾಯಿಂಟಿನ ಅಂಚಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆ ಒಂದು ಕಾಣಿಸಿತು. ಮೇಲೆ ಬಂದು ಟಪ್ ಅಂತ ಒಡೆಯಿತು. ಅದರ ಹಿಂದೇನೇ ಇನ್ನೊಂದು.

ಹಿರಿಯರು ತಲೆ ಅಲ್ಲಾಡಿಸಿದರು. "ಇದಾಗಲ್ಲ. ಹೊಸದು ಮಾಡಬೇಕು."

ಅಕ್ಕ ಅವರ ತೋಳು ಹಿಡಿದುಕೊಂಡಳು. ಬೇಡ, ಇದನ್ನೇ ಹಾಕಿ, ನಾಳೆ ಒಂದು ದಿನ ಆಗಲಿ ಸಾಕು ಅಂತ ಕೈಯಲ್ಲಿ, ಕಣ್ಣಲ್ಲಿ, ಬರೋ ಅಷ್ಟು ಮಾತಲ್ಲಿ ಬೇಡಿಕೊಂಡಳು. ಕೋಟು ಡಾಕ್ಟರು ಮೆಲ್ಲಗೆ ಹೇಳಿದರು: "ಈ ಸಂದಿಂದ ಉಗುಳು ಒಳಗೆ ಸೇರುತ್ತೆ ಅಕ್ಕಾ. ಒಳಗೆ ಕೊಳೆತು ಕ್ರಿಮಿ ಬೆಳೆಯುತ್ತೆ. ಭಾರ ಆಗುತ್ತೆ, ನಾರುತ್ತೆ."

"ಒಂದೇ ದಿನ" ಅಂತ ಅಕ್ಕ ಬೆರಳು ತೋರಿಸಿದಳು.

ಆಗ ಮಾತಾಡಿದ್ದು ನಮ್ಮ ಭಾವ. "ಬೇಡ ಕಣೇ" ಅಂದರು. "ಗುಳ್ಳೆ ಬಂದ ಟ್ಯೂಬನ್ನ ನಾನು ಗೊತ್ತಿದ್ದೂ ಗೊತ್ತಿದ್ದೂ ಯಾವ ಗಿರಾಕಿ ಗಾಡಿಗೂ ಹಾಕಿಲ್ಲ. ನನ್ನ ಹೆಂಡ್ತಿ ಬಾಯಿಗೆ ಹಾಕಿಸ್ತೀನಾ? ಕುರ್ಚಿ ಹೋದ್ರೆ ಹೋಗ್ಲಿ. ಇವರು ಸರಿಯಾಗಿ ಮಾಡ್ಲಿ, ನಾವು ಕಾಯೋಣ." ಮೊನ್ನೆ ಮೊನ್ನೆವರೆಗೂ ನನ್ನ ಕತ್ತರಿ ಕೇಳ್ತಿದ್ದ ಮನುಷ್ಯ! ನನಗೆ ಅವರ ಕಾಲಿಗೆ ಬೀಳೋಣ ಅನಿಸಿತು.

ಕಾದೆವು. ಕುರ್ಚಿ ಹೋಯಿತು. ಮೈಕಿನ ಕೋಣೆಗೆ ಮಷೀನು ಬಂತು. ಅಕ್ಕ ಸಾಮಾನಿನ ಕೋಣೆಗೆ ಹೋಗಿ ಛತ್ರಿಗಳ ನಡುವೆ ಕೂತಳು.

ಒಂದು ವಾರಕ್ಕೆ ಹೊಸ ಮುಚ್ಚಳ ತಯಾರಾಯಿತು. ಬೋಗುಣಿಯಲ್ಲಿ ಮುಳುಗಿಸಿದರು. ನಾವು ಉಸಿರು ಬಿಗಿಹಿಡಿದು ನೋಡಿದೆವು. ಒಂದು ಗುಳ್ಳೆ ಇಲ್ಲ. ಭಾವ ಆ ಹಿರಿಯರ ಪ್ಲಾಸ್ಟರ್ ಕೈಯನ್ನು ತಮ್ಮ ಗ್ರೀಸ್ ಕೈಯಲ್ಲಿ ಹಿಡಿದು ಕುಲುಕಿದ್ದೇ ಕುಲುಕಿದ್ದು.

ಡಾಕ್ಟರು ಮುಚ್ಚಳ ಕೂರಿಸಿದರು. ಟಕ್ ಅಂತ ಹಲ್ಲುಗಳಿಗೆ ಸಿಕ್ಕಿಕೊಂಡಿತು. "ನೀರು ಕುಡೀರಿ" ಅಂದರು. ಕುಡಿದಳು, ಮೂಗು ಒಣ ಒಣ. "ಈಗ ಏನಾದ್ರೂ ಹೇಳಿ."

ಅಕ್ಕ ತುಟಿ ಕೂಡಿಸಿದಳು. ಹೆದರಿಕೆ. ಆಮೇಲೆ, "ಪ" ಅಂದಳು.

ಪ! ಮ ಅಲ್ಲ, ಪ! ಅವಳಿಗೇ ನಂಬಿಕೆ ಬರಲಿಲ್ಲ. "ಪ, ಪ, ಪ" ಅಂತ ಎಳೆಮಗುವಿನ ಹಾಗೆ ಹೇಳಿದಳು. ನಾನು ಅತ್ತೆ, ಡಾಕ್ಟರ ಕಣ್ಣೂ ಒದ್ದೆಯಾದವು. ಭಾವ ಮಾತ್ರ, "ಸಾಕು ನಿಲ್ಲಿಸೇ, ಹಾರ್ನ್ ಕೆಟ್ಟ ಸ್ಕೂಟರ್ ಆದೆ" ಅಂತ ರೇಗಿಸಿ ಹೊರಗೆ ಹೋಗಿ ಮುಖ ಒರೆಸಿಕೊಂಡು ಬಂದರು.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಡಾಕ್ಟರು ಒಂದೊಂದೇ ಬುದ್ಧಿಮಾತು ಹೇಳಿ ಕಳಿಸಿದರು. ಊಟವಾದ ಮೇಲೆ ಪ್ರತಿಸಲ ತೆಗೆದು ಮೆತ್ತನೆ ಬ್ರಷ್ಷಿನಲ್ಲಿ ತೊಳೆಯಬೇಕು. ರಾತ್ರಿ ತಣ್ಣೀರಲ್ಲಿ ಮುಳುಗಿಸಿಡಬೇಕು, ಕುದಿಯೋ ನೀರು ತಾಗಿಸಿದರೆ ಸೊಟ್ಟಗಾಗುತ್ತೆ. ಎಲ್ಲಾದರೂ ಒತ್ತಿ ನೋವಾದರೆ ಮನೆಯಲ್ಲಿ ಅರ ಹಿಡಿದು ಉಜ್ಜಬಾರದು. ಈ ಮಾತು ಹೇಳುವಾಗ ಅವರು ಭಾವನ ಕಡೆಗೇ ನೋಡುತ್ತಿದ್ದರು. ಬಾಯಿ ಒಳಗೆ ಆಕಾರ ಬದಲಾಗುತ್ತಾ ಇರುತ್ತೆ, ಹೇಳಿದ ದಿನ ಬಂದು ತೋರಿಸಬೇಕು. ಮಾತು ಸ್ಪಷ್ಟವಾಗೋಕೆ ಅಭ್ಯಾಸ ಬೇಕು.

ಅಭ್ಯಾಸ ಅಂದರೆ ಅಭ್ಯಾಸ! ಸಾಮಾನಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅಕ್ಕ ಛತ್ರಿಗಳಿಗೆ ಬಸ್ಸು ಬರೋದು ಹೋಗೋದು ಹೇಳಿದ್ದೇ ಹೇಳಿದ್ದು. "ಕಪ್ಪು ಛತ್ರಿಯವರ ಗಮನಕ್ಕೆ" ಅಂತಿದ್ದಳಂತೆ ಕಳ್ಳಿ.

ಒಂದು ಮಧ್ಯಾಹ್ನ, ನಿಲ್ದಾಣ ತುಂಬಿ ತುಳುಕುತ್ತಿತ್ತು. ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನಿಂತ ಹದಿನೇಳನೇ ನಂಬರಿನ ಬಸ್ಸಿನ ಹಿಂದಿನ ಚಕ್ರ ಢಂ ಅಂತು. ಭಾವನನ್ನು ಕೂಗಿದರು. ಅವರು ಜಾಕ್ ಹಿಡಿದು ಬಸ್ಸಿನ ಕೆಳಗೆ ಸೇರಿದರು. ಬದಲಿ ಬಸ್ಸು ಒಂಬತ್ತನೇ ಪ್ಲಾಟ್‌ಫಾರಂಗೆ ಬಂತು. ಆದರೆ ಮಷೀನಿಗೆ ಪಂಚರ್ ಅನ್ನೋದು ಗೊತ್ತಾ? ಅದು ತನ್ನ ಪಾಡಿಗೆ "ಹದಿನೇಳನೇ ನಂಬರಿನ ಬಸ್ಸು ನಾಲ್ಕರಿಂದ ಹೊರಡಲಿದೆ" ಅಂತ ಒದರುತ್ತಲೇ ಇತ್ತು. ಜನ ನಾಲ್ಕರಲ್ಲೇ ಕಿಕ್ಕಿರಿದರು. ಮಕ್ಕಳು ಅತ್ತವು, ನೂಕಾಟ ಶುರುವಾಯಿತು. ಸಾಹೇಬರು ಕೂಗಿ ಕೂಗಿ ಗಂಟಲು ಹರಿದುಕೊಂಡರು, ಯಾರಿಗೂ ಕೇಳಿಸಲಿಲ್ಲ.

ನನ್ನ ಅಂಗಡಿಯಿಂದಲೇ ಕಂಡಿತು. ಸಾಮಾನಿನ ಕೋಣೆ ಬಾಗಿಲು ತೆರೆಯಿತು. ಅಕ್ಕ ನಡೆದು ಬಂದಳು. ಬಾಯಿಗೆ ಕರವಸ್ತ್ರ ಇರಲಿಲ್ಲ. ಯಾರನ್ನೂ ಕೇಳದೆ ಮೈಕಿನ ಕೋಣೆಗೆ ಹೋದಳು. ಮಷೀನಿನ ವಯರು ಕಿತ್ತು ಪಕ್ಕಕ್ಕಿಟ್ಟು, ನಾನು ಹೊಲಿದ ದಿಂಬನ್ನು ಒಮ್ಮೆ ತಟ್ಟಿ, ಕೂತಳು. ಕೆಂಪು ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ."

ನನ್ನ ಕೈಯಲ್ಲಿದ್ದ ಬಟ್ಟೆ ಜಾರಿತು.

"ಹದಿನೇಳನೇ ನಂಬರಿನ ಬಸ್ಸು ಪಂಚರ್ ಆಗಿರುವುದರಿಂದ ಪ್ಲಾಟ್‌ಫಾರಂ ನಾಲ್ಕರಿಂದ ಹೊರಡುವುದಿಲ್ಲ. ಬದಲಿ ಬಸ್ಸು ಪ್ಲಾಟ್‌ಫಾರಂ ಒಂಬತ್ತರಲ್ಲಿ ನಿಂತಿದೆ. ದಯವಿಟ್ಟು ಮಕ್ಕಳ ಕೈ ಹಿಡಿದುಕೊಳ್ಳಿ. ಗಾಬರಿ ಪಡಬೇಡಿ. ಎಲ್ಲರಿಗೂ ಸೀಟು ಸಿಗುತ್ತದೆ."

ಒಂದೊಂದು ಪ, ಒಂದೊಂದು ಗ, ಒಂದೊಂದು ಬ ಗಂಟೆ ಹೊಡೆದ ಹಾಗೆ! ನೂಕಾಟ ನಿಂತಿತು. ಜನ ಕತ್ತೆತ್ತಿದರು. ಆಮೇಲೆ ನೋಡಿ, ಅಷ್ಟೂ ಜನ ಚೀಲ ಎತ್ತಿ, ಮಕ್ಕಳ ಕೈ ಹಿಡಿದು, ನಾಲ್ಕರಿಂದ ಒಂಬತ್ತರ ಕಡೆ ಸಾಲಾಗಿ ನಡೆದರು. ನಮ್ಮಕ್ಕನ ಒಂದು ಮಾತಿಗೆ! ಹಳೇ ಕಂಡಕ್ಟರ್ ಒಬ್ಬರು, "ಅಮ್ಮ ವಾಪಸ್ ಬಂದ್ರು ಕಣ್ರಯ್ಯಾ!" ಅಂತ ಸೀಟಿ ಊದಿದರು. ಬಸ್ಸಿನ ಕೆಳಗಿಂದ ಕಾಣುತ್ತಿದ್ದ ಭಾವನ ಕಾಲುಗಳು ಅಲ್ಲಾಡದೆ ನಿಂತುಬಿಟ್ಟವು. ಆಮೇಲೆ ತೆವಳಿಕೊಂಡು ಹೊರಗೆ ಬಂದರು. ನಾನು ಓಡಿಹೋಗಿ ನೋಡಿದರೆ ಮುಖವೆಲ್ಲ ಕಪ್ಪು, ನಡುವೆ ಎರಡು ಗೆರೆ ಬೆಳ್ಳಗೆ.

"ಅಳ್ತಿದ್ದೀರಾ ಭಾವ?" ಅಂದೆ.

"ಕಣ್ಣಿಗೆ ಗ್ರೀಸು ಹೋಯ್ತು, ಸುಮ್ನಿರು" ಅಂದರು.

ಸ್ಪೀಕರ್ ಮತ್ತೆ ಕರ್ ಅಂತು.

"ಪಂಚರ್ ಹಾಕುತ್ತಿರುವವರ ಗಮನಕ್ಕೆ. ಕೆಲಸ ಮುಗಿದ ಕೂಡಲೇ ಕೈ ತೊಳೆದುಕೊಂಡು, ಊಟದ ಡಬ್ಬಿಯೊಂದಿಗೆ ಮೈಕಿನ ಕೋಣೆಗೆ ಬರತಕ್ಕದ್ದು. ನನಗೆ ಹಸಿವಾಗಿದೆ."

ಇಡೀ ನಿಲ್ದಾಣ ಗೊಳ್ಳನೆ ನಕ್ಕಿತು. ಸಾಹೇಬರು ಮಷೀನನ್ನು ತಾವೇ ಹೊತ್ತುಕೊಂಡು ಹೋಗಿ ಸಾಮಾನಿನ ಕೋಣೆಯಲ್ಲಿ, ಛತ್ರಿಗಳ ಪಕ್ಕ ಇಟ್ಟು ಬಂದರು. ಭಾವ ಡಬ್ಬಿ ಹಿಡಿದು ಗಾಜಿನ ಕೋಣೆಗೆ ಓಡಿದರು. ಇಬ್ಬರೂ ಎಲ್ಲರ ಕಣ್ಣೆದುರಿಗೆ, ಒಂದೇ ಡಬ್ಬಿಯಲ್ಲಿ ಊಟ ಮಾಡಿದರು.

ಈಗ ಭಾವನ 'ಪಂಚರ್ ಅಂಗಡಿ' ಬೋರ್ಡಿನ ಕೆಳಗೆ ಇನ್ನೊಂದು ಸಾಲು ಇದೆ, ಅವರೇ ಬಣ್ಣದಲ್ಲಿ ಬರೆದಿದ್ದು: 'ಇಲ್ಲಿ ಚಕ್ರಕ್ಕೆ ಮಾತ್ರ.' ಯಾರಾದರೂ ಮುರಿದ ಹಲ್ಲಿನ ಸೆಟ್ಟು ತಂದು "ಸ್ವಲ್ಪ ಅಂಟು ಹಾಕಿಕೊಡಿ" ಅಂದರೆ, ಅಂಗಡಿ ಬಿಟ್ಟು ದಂತ ಕಾಲೇಜಿನ ದಾರಿ ತೋರಿಸಿ ಬರುತ್ತಾರೆ.

ಇನ್ನು ನಿಮ್ಮ ಪಾಳಿ. ಅಕ್ಕನ ಮಾತಲ್ಲೇ ಹೇಳ್ತೀನಿ, ಅವಳು ಹೇಳಿದರೆ ಯಾರೂ ಮೀರಲ್ಲ.

ಇದನ್ನು ಓದುತ್ತಿರುವವರ, ಕೇಳುತ್ತಿರುವವರ ಗಮನಕ್ಕೆ. ಬಾಯಲ್ಲಿ ಆದ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಗಂಟು ಕಂಡರೆ, ಹಲ್ಲು ಸುಮ್ಮಸುಮ್ಮನೆ ಅಲ್ಲಾಡಿದರೆ ಕೂಡಲೇ ಡಾಕ್ಟರಿಗೆ ತೋರಿಸಿ. ದವಡೆಯ ಆಪರೇಷನ್ ಆಗಬೇಕಿದ್ದರೆ, ಅದಕ್ಕೆ ಮೊದಲೇ ದಂತವೈದ್ಯರನ್ನು ಕಾಣಿ. ಮುರಿದ ಹಲ್ಲಿನ ಸೆಟ್ಟಿಗೆ ಮನೆಯ ಅಂಟು, ಅರ, ದಾರ ಯಾವುದೂ ಬೇಡ. ನಿಮ್ಮ ಬಾಯಿಗೆ ಹೊಂದುವ ವಸ್ತು ಹುಡುಕಲು ಪಾಪ ಎಷ್ಟೋ ಜನ ಹಗಲೆಲ್ಲ ಕೂತು ಹಲ್ಲು ಮುರಿದು ನೋಡುತ್ತಿದ್ದಾರೆ. ಹಲ್ಲು ಹೋಯಿತು, ದವಡೆ ಹೋಯಿತು, ಮಾತು ಹೋಯಿತು ಅಂತ ಬಾಗಿಲು ಹಾಕಿಕೊಂಡು ಕೂತವರು ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದಾರಾ? ಇವತ್ತೇ ಹೋಗಿ ಆ ಬಾಗಿಲು ತಟ್ಟಿ. ಅವರ ಕೈ ಹಿಡಿದು ಕರೆದುಕೊಂಡು ಹೋಗಿ. ಅವರಿಗಾಗಿಯೂ ಊಟದ ಡಬ್ಬಿ ಹಿಡಿದು ಯಾರೋ ಒಬ್ಬರು ಕಾಯುತ್ತಾ ಕೂತಿರುತ್ತಾರೆ.